ಸಾಂಬ್ರಾಣಿಗೆ ತೆರೆಯುವ ಬಾಗಿಲು

ಸಂಬಳ ಕೊಟ್ಟು ನನ್ನನ್ನು ಇಟ್ಟುಕೊಂಡಿರುವುದೇ "ಆಗುವುದಿಲ್ಲ" ಎನ್ನಲಿಕ್ಕೆ. ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿರುವ ಒಂದು ವ್ಯಾಪಾರಿ ಕಂಪನಿಯಲ್ಲಿ ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವವನು ನಾನು. ನಮ್ಮ ಕಂಪನಿಯ ಸಾಫ್ಟ್‌ವೇರ್ ಹೇಗೆಂದರೆ, ಕಟ್ಟಿ ಮುಗಿಯದ ಮನೆಯ ಹಾಗೆ. ಬೇಕಾದವರು ಬೇಕೆನಿಸಿದಾಗ ಒಂದು ಚಾವಡಿ, ಒಂದು ಅಟ್ಟ, ಒಂದು ಕೊಟ್ಟಿಗೆ ಸೇರಿಸಿಕೊಳ್ಳಬಹುದು. ಹಾಗೆ ಸೇರಿಸುವ ತುಂಡಿಗೆ ಪ್ಲಗಿನ್ ಎನ್ನುತ್ತಾರೆ. ಬಿಲ್ಲು ಮುದ್ರಿಸಲು ಒಂದು, ರಜೆಯ ಲೆಕ್ಕಕ್ಕೆ ಒಂದು, ಗೋದಾಮಿನ ಸಾಮಾನಿಗೆ ಇನ್ನೊಂದು. ಬರೆದವರು ಯಾರೋ, ಯಾವ ದೇಶದವರೋ ದೇವರಿಗೇ ಗೊತ್ತು. ಪ್ರತಿಯೊಂದೂ ಬರುವಾಗ ಹೊಸ್ತಿಲಲ್ಲಿ ನಿಂತು ತನಗೆ ಏನೇನು ಮುಟ್ಟಲು ಬಿಡಬೇಕೆಂದು ಕೇಳುತ್ತದೆ. ಬಿಲ್ಲು ಮುದ್ರಿಸಲು ಬಂದದ್ದು ಎಲ್ಲರ ಸಂಬಳವನ್ನೂ ನೋಡಬೇಕು ಎನ್ನುತ್ತದೆ! ಕಾಫಿ ಕುಡಿಯಲು ಬಂದವನಿಗೆ ತಿಜೋರಿಯ ಕೀಲಿಕೈ ಯಾಕೆ ಸ್ವಾಮಿ?

ಅದಕ್ಕೇ ನನ್ನದೊಂದು ನಿಯಮ. ಕೇಳಿದರೆ ಮಾತ್ರ ಕೊಡುವುದು. ಕೇಳಿದರೂ ಕೆಲಸಕ್ಕೆ ಬೇಕಾದಷ್ಟೇ ಕೊಡುವುದು. ಕೇಳದವರಿಗೆ ಏನೂ ಇಲ್ಲ.

ಲೆಕ್ಕಪತ್ರ ವಿಭಾಗದಲ್ಲಿ ನಮ್ಮ ಊರ ಕಡೆಯವನೇ ಒಬ್ಬನಿದ್ದಾನೆ. ತಿಂಗಳಿಗೊಂದು ಹೊಸ ಪ್ಲಗಿನ್ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಾನೆ. "ಮ್ಯಾನೇಜರೇ ಹೂಂ ಅಂದಿದ್ದಾರೆ ಮಾರಾಯ. ನಾವು ಒಂದೇ ಊರಿನವರಲ್ವಾ?" ಎನ್ನುತ್ತಾನೆ. ಊರು ಒಂದೇ ಆದರೆ ಬೀಗವೂ ಒಂದೇ ಆಗಬೇಕೇ? ಆಗುವುದಿಲ್ಲ ಎನ್ನುತ್ತೇನೆ. "ದೇವರು ಕೊಟ್ಟರೂ ಪೂಜಾರಿ ಕೊಡ" ಎಂದು ಗೊಣಗುತ್ತಾ ಹೋಗುತ್ತಾನೆ. ಈಗ ಇಡೀ ಆಫೀಸಿನಲ್ಲಿ ನಾನು ಪೂಜಾರಿ.

ಹೊರಗೆ ಇಷ್ಟು ಬಿಗಿ ಇರುವವನು ಮನೆಯಲ್ಲಿ ಸಡಿಲ ಬಿಡುತ್ತೇನೆಯೇ? ರಿಗ್ಗೈಯ ನಮ್ಮ ಫ್ಲಾಟಿನ ಎಸಿ, ದೀಪ, ಮುಂಬಾಗಿಲ ಬೀಗ ಎಲ್ಲವನ್ನೂ ಟಿವಿಯ ಹಿಂದಿನ ಒಂದು ಚಿಕ್ಕ ಪೆಟ್ಟಿಗೆಗೆ ಜೋಡಿಸಿದ್ದೇನೆ. ಮನೆಯ ಮಾಲೀಕರನ್ನು ಕೇಳಿದಾಗ "ಮಾಫಿ ಮುಷ್ಕಿಲ್" ಎಂದು ಕೈಬೀಸಿಬಿಟ್ಟರು, ಏನೂ ತೊಂದರೆ ಇಲ್ಲ ಎಂದರ್ಥ. ಆ ಪೆಟ್ಟಿಗೆಯೂ ಆಫೀಸಿನ ಸಾಫ್ಟ್‌ವೇರಿನ ಜಾತಿಯದ್ದೇ. ದೀಪಕ್ಕೊಂದು, ಬೀಗಕ್ಕೊಂದು ಎಂದು ಪ್ಲಗಿನ್ ಹಾಕುತ್ತಾ ಬೆಳೆಸಬಹುದು. ದೀಪದ್ದು ದೀಪ ಬಿಟ್ಟು ಬೇರೆ ಮುಟ್ಟಬಾರದು, ಬೀಗದ್ದು ಬೀಗ ಬಿಟ್ಟು ಬೇರೆ ಮುಟ್ಟಬಾರದು. ಎಲ್ಲಕ್ಕೂ ಅದರದರ ಗೂಟ, ಅದರದರ ಹಗ್ಗ. ಗೋಡೆಯ ಮೇಲಿನ ಎಸಿ ಗುಂಡಿಗಳಿಗೂ ಬೀಗ ಹಾಕಿದ್ದೆ, ಯಾಕೆಂದರೆ ಆರು ವರ್ಷದ ಮಗಳು ಒಮ್ಮೆ ಪೆಂಗ್ವಿನ್ ಆಟ ಆಡಲು ಇಡೀ ಮನೆಯನ್ನು ಹಿಮಾಲಯ ಮಾಡಿಟ್ಟಿದ್ದಳು. ಹಾಗಾಗಿ ಎಸಿಯನ್ನು ಹೆಚ್ಚು ಕಡಿಮೆ ಮಾಡಲು ಇದ್ದದ್ದು ಎರಡೇ ಫೋನು. ಒಂದು ನನ್ನದು, ಒಂದು ಹೆಂಡತಿಯದು.

ಒಂದು ಪ್ಲಗಿನ್ನಿಗೆ ಮಾತ್ರ ಹಗ್ಗ ಬಿಚ್ಚಿಬಿಟ್ಟಿದ್ದೆ. ಅದು ಹೊಗೆಯದ್ದು. ಮಲಗುವ ಕೋಣೆಯ ಮೇಲ್ಛಾವಣಿಯಲ್ಲಿ ಹೊಗೆ ಹಿಡಿಯುವ ಬಿಲ್ಲೆಯೊಂದಿದೆ, ನಡುಮನೆಯಲ್ಲಿ ಇನ್ನೊಂದು. ಹೊಗೆ ಕಂಡರೆ ಆ ಪ್ಲಗಿನ್ ಎಸಿಯನ್ನು ಪೂರ್ತಿ ನಿಲ್ಲಿಸುತ್ತದೆ, ಕೊಳವೆಯಲ್ಲಿ ಹೊಗೆ ಕೋಣೆಯಿಂದ ಕೋಣೆಗೆ ಹಬ್ಬಬಾರದಲ್ಲ. ಮುಂಬಾಗಿಲ ಬೀಗ ತೆಗೆದು ಬಾಗಿಲು ತೆರೆಯುತ್ತದೆ, ಕಾಪಾಡಲು ಬರುವವರು ಬಾಗಿಲು ಒಡೆಯುತ್ತಾ ಕೂರಬಾರದಲ್ಲ. ನನ್ನ ಫೋನಿನಲ್ಲಿ ಕಿರುಚುತ್ತದೆ. ಬೆಂಕಿ ಬಿದ್ದಾಗ ಯಾರು ಯಾರನ್ನು ಅಪ್ಪಣೆ ಕೇಳುತ್ತಾರೆ? ಇದನ್ನು ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಇಂಥ ಮನೆಗೆ, ಜುಲೈ ತಿಂಗಳ ಉರಿಯಲ್ಲಿ, ವಿಸಿಟ್ ವೀಸಾ ಹಿಡಿದು ನನ್ನ ಅತ್ತೆ ಬಂದಿಳಿದರು. ಆಗಷ್ಟೇ ಹುಟ್ಟಿದ ಎರಡನೇ ಮಗುವಿನ ಬಾಣಂತನಕ್ಕೆ.

ಅವರ ಈ ಬರುವಿಕೆಯ ಹಿಂದೆ ಆರು ವರ್ಷದ ಸಂಕಟವಿತ್ತು. ಮೊದಲ ಮಗು ಹುಟ್ಟಿದಾಗ ಕೊರೊನಾ. ವಿಮಾನವೇ ಇರಲಿಲ್ಲ. ಹೆರಿಗೆಯಾಗಿ ಮನೆಗೆ ಬಂದ ಹೆಂಡತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲು ಕೈಹಿಡಿದ ಗಂಡ ಒಬ್ಬನೇ, ಅವನಿಗೋ ತಲೆಬುಡ ಗೊತ್ತಿಲ್ಲ. ಅತ್ತೆ ಊರಿನಿಂದ ವೀಡಿಯೊ ಕರೆಯಲ್ಲಿ "ಸೊಂಟಕ್ಕೆ, ಸೊಂಟಕ್ಕೆ ಗಟ್ಟಿ ತಿಕ್ಲಿಕ್ಕೆ ಹೇಳು!" ಎಂದು ಕೂಗುತ್ತಿದ್ದರು, ಅಷ್ಟರಲ್ಲಿ ನೆಟ್ ಹೋಗುತ್ತಿತ್ತು. ಎದುರು ಫ್ಲಾಟಿನ ಬ್ಯಾರಿ ಅಕ್ಕ ಗಂಜಿಯ ಪಾತ್ರೆಯನ್ನು ಹೊಸ್ತಿಲ ಹೊರಗಿಟ್ಟು, ಬೆಲ್ ಒತ್ತಿ ಓಡಿಹೋಗುತ್ತಿದ್ದರು. ಪಾಪ, ಅವರಾದರೂ ಏನು ಮಾಡಿಯಾರು? ಹೆಂಡತಿಗೆ ಆಗ ಹಿಡಿದ ಸೊಂಟನೋವು ಇವತ್ತಿಗೂ ಬಿಟ್ಟಿಲ್ಲ. ಅದು ತನ್ನಿಂದಲೇ ಆದದ್ದು ಎಂದು ಅತ್ತೆ ನಂಬಿದ್ದರು.

"ಒಂದು ಬಾಣಂತನ ತಪ್ಪಿತು. ಇದು ತಪ್ಪಬಾರದು" ಎಂದರು, ಚಪ್ಪಲಿ ಬಿಚ್ಚುವ ಮೊದಲೇ. ಹೇಳಿದ್ದು ಮಗಳಿಗೆ. ನನಗೆ ನೇರವಾಗಿ ಅವರು ಏನನ್ನೂ ಹೇಳುವವರಲ್ಲ. ಅಳಿಯನೆಂದರೆ ಅವರಿಗೆ ಒಂದು ಮಣ ಮರ್ಯಾದೆ. ನಾನು ಬಂದರೆ ಎದ್ದು ನಿಲ್ಲುತ್ತಾರೆ, ನನ್ನ ಕುರಿತ ಮಾತನ್ನು ಮೊಮ್ಮಗಳಿಗೋ, ಬಾಗಿಲ ಚೌಕಟ್ಟಿಗೋ ಹೇಳುತ್ತಾರೆ. ಮಗಳ ಮನೆ ಎಂದರೆ ನೆಂಟರ ಮನೆ. ಅಲ್ಲಿ ಬಡಿಸಿದ್ದನ್ನು ಉಣ್ಣಬೇಕು, ಇದು ಬೇಕು ಎನ್ನಬಾರದು ಎಂದು ನಂಬಿ ಬೆಳೆದ ಜೀವ ಅದು.

ನಾನಂತೂ ಮರ್ಯಾದಸ್ಥ ಅಳಿಯನಂತೆ ಮೊದಲ ದಿನವೇ ಪೆಟ್ಟಿಗೆಯಲ್ಲಿ ಅವರ ಹೆಸರು ಸೇರಿಸಿದೆ. ಇವರು ಯಾರು ಎಂದು ಅದು ಕೇಳಿತು. ಮಾಲೀಕ, ದೊಡ್ಡವರು, ಮಗು, ಅತಿಥಿ ಎಂದು ನಾಲ್ಕು ಆಯ್ಕೆ. ಅತಿಥಿ ಎಂದು ಒತ್ತಿದೆ. ಅತಿಥಿಗೆ ತನ್ನ ಕೋಣೆಯ ದೀಪ ಉಂಟು, ಅಷ್ಟೇ. ಆಮೇಲೆ ಕೇಳಿದೆ. "ಅತ್ತೆ, ಏನು ಬೇಕಾದ್ರೂ ಹೇಳಿ ಆಯ್ತಾ?"

"ನಂಗೆಂತ ಬೇಕು? ಎಲ್ಲ ಉಂಟಲ್ಲ" ಎಂದರು, ಬಾಗಿಲ ಚೌಕಟ್ಟಿಗೆ.

ಸರಿ, ಕೇಳಲಿಲ್ಲ. ಹಾಗಾಗಿ ಕೊಡಲಿಲ್ಲ.

ಮಾರನೇ ದಿನದಿಂದ ನನಗೆ ತಿಳಿಯಿತು, ಈ ಮನೆಯಲ್ಲಿ ಇನ್ನು ಪೂಜಾರಿಗಳು ಇಬ್ಬರು, ಮತ್ತು ಇನ್ನೊಬ್ಬರ ಮಡಿ ನನ್ನದಕ್ಕಿಂತ ಜೋರು ಎಂದು. ಬಾಣಂತಿಗೆ ಮೊಸರು ಇಲ್ಲ. ತಣ್ಣೀರು ಇಲ್ಲ. ಬಾಳೆಹಣ್ಣು ಇಲ್ಲ. ಬಗ್ಗುವ ಹಾಗಿಲ್ಲ, ಕಿವಿಗೆ ಬಟ್ಟೆ ಕಟ್ಟದೆ ಕೂರುವ ಹಾಗಿಲ್ಲ. ಕೊನೆಗೆ ಫೋನೂ ಇಲ್ಲ! "ಬಾಣಂತಿ ಕಣ್ಣಿಗೆ ಆಯಾಸ ಮಾಡ್ಲಿಕ್ಕಿಲ್ಲ" ಎಂದು ಹೆಂಡತಿಯ ಫೋನನ್ನು ಕಸಿದು, ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟರು. ಹೆಂಡತಿ ಎದುರು ಮಾತಾಡಲಿಲ್ಲ. ತನ್ನ ಆಫೀಸಿನಲ್ಲಿ ಮ್ಯಾನೇಜರನಿಗೂ ಹೆದರದವಳು ಅಮ್ಮನ ಮುಂದೆ ಎರಡು ಜಡೆಯ ಹುಡುಗಿಯಾಗಿದ್ದಳು.

ಹೀಗೆ ಎಸಿಯ ಎರಡು ಕೀಲಿಕೈಗಳಲ್ಲಿ ಒಂದು ನನ್ನ ಜೇಬಿನಲ್ಲಿ ಆಫೀಸಿಗೆ ಹೋಯಿತು, ಇನ್ನೊಂದು ಅಕ್ಕಿ ಡಬ್ಬದ ಹಿಂದೆ ಹೋಯಿತು.

ನೀರಿನ ವಿಷಯದಲ್ಲಿ ಮಾತ್ರ ಅತ್ತೆಗೆ ಕುವೈತ್ ಬಹಳ ಹಿಡಿಸಿತು. ಬೇಸಿಗೆಯಲ್ಲಿ ಇಲ್ಲಿ ಛಾವಣಿಯ ಮೇಲಿನ ಟ್ಯಾಂಕಿಯ ನೀರು ಕುದಿಯುತ್ತಿರುತ್ತದೆ. ಅದಕ್ಕೆ ನಾವೆಲ್ಲ ಗೀಸರ್ ಆರಿಸಿಟ್ಟಿರುತ್ತೇವೆ. ಮನೆಯೊಳಗಿನ ತಂಪಿಗೆ ಗೀಸರಿನಲ್ಲಿ ನಿಂತ ನೀರು ತಣ್ಣಗಾಗುತ್ತದೆ. ಹಾಗಾಗಿ ನೀಲಿ ಗುರುತಿನ ನಲ್ಲಿಯಲ್ಲಿ ಸುಡುನೀರು, ಕೆಂಪು ಗುರುತಿನದ್ದರಲ್ಲಿ ತಣ್ಣೀರು. ಎರಡನ್ನೂ ಮುಟ್ಟಿ ನೋಡಿದ ಅತ್ತೆಯ ಮುಖ ಅರಳಿತು. "ಸೌದೆ ಬೇಡ, ಹಂಡೆ ಬೇಡ. ಸೂರ್ಯನೇ ಒಲೆ ಹಾಕಿ ಕೂತಿದ್ದಾನೆ!" ಎಂದರು.

ಎಸಿ ಮಾತ್ರ ಅವರ ಶತ್ರು. ಮಗುವಿಗೆ ಸೆಕೆಯಾಗಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ನಾನು ಅದನ್ನು ಒಂದು ಮಟ್ಟದಲ್ಲಿ ನಿಲ್ಲಿಸಿ ಬೀಗ ಹಾಕಿದ್ದೆ. ಎಣ್ಣೆ ತಿಕ್ಕಿ, ಸುಡುನೀರು ಹೊಯ್ದು, ಬೆವರಲೆಂದು ಕಂಬಳಿ ಹೊದಿಸಿ ಮಲಗಿಸಿದ ಬಾಣಂತಿಯ ಸೊಂಟದ ಮೇಲೆ ಮೇಲಿನಿಂದ ತಣ್ಣಗೆ ಗಾಳಿ ಸುರಿಯುತ್ತಿತ್ತು. ಅತ್ತೆಗೆ ಬೇಕಾದದ್ದು ಆ ಒಂದು ಹೊತ್ತು ಗಾಳಿ ನಿಲ್ಲುವುದು. ಒಂದು ಮಾತು ನನ್ನ ಹತ್ತಿರ ಹೇಳಿದ್ದರೆ ಮುಗಿದಿತ್ತು. ಅವರು ಮೊಮ್ಮಗಳ ಹತ್ತಿರ ಹೇಳಿದರು.

"ಪುಟ್ಟಾ, ಇದೆಂತ ಮನೆಯಾ, ಮೀನಿನ ಐಸ್ ಪೆಟ್ಟಿಗೆಯಾ?"

"ಪಪ್ಪಾ, ಅಜ್ಜಿ ಈಸ್ ಆ್ಯಂಗ್ರಿ ವಿದ್ ದಿ ಎಸಿ" ಎಂದು ಮಗಳು ನನಗೆ ವರದಿ ಒಪ್ಪಿಸಿದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷು.

ನಾನು ನಕ್ಕುಬಿಟ್ಟೆ. ನನ್ನ ಕಸುಬಿನಲ್ಲಿ ಗೊಣಗಾಟ ಅರ್ಜಿಯಾಗುವುದಿಲ್ಲ.

ಅದಾದ ಕೆಲವು ದಿನಕ್ಕೆ ಆಫೀಸಿನಲ್ಲಿ ಮೀಟಿಂಗ್. ಲೆಕ್ಕಪತ್ರದವನ ಹೊಸ ಪ್ಲಗಿನ್ ಯಾಕೆ ಬೇಡ ಎಂದು ನಾನು ಮ್ಯಾನೇಜರಿಗೆ ವಿವರಿಸುತ್ತಿದ್ದೆ. "ಇದಕ್ಕೆ ಸ್ವಂತ ಅಧಿಕಾರ ಇಲ್ಲ ಸರ್. ಆದರೆ ಅಧಿಕಾರ ಇರುವ ಇನ್ನೊಂದು ಪ್ಲಗಿನ್ನಿನ ಕೈಯಿಂದ ಕೆಲಸ ಮಾಡಿಸಿಕೊಳ್ಳುತ್ತದೆ. ಅಮ್ಮ ಚಾಕಲೇಟ್ ಕೊಡದಿದ್ದರೆ ಮಗು ಏನು ಮಾಡುತ್ತದೆ? ಅಜ್ಜಿಯ ಹತ್ತಿರ ಹೋಗುತ್ತದೆ. ಅಜ್ಜಿಗೆ ಡಬ್ಬಿ ತೆರೆಯುವ ಹಕ್ಕುಂಟು, ಯಾಕೆ ತೆರೆಯಬಾರದೆಂದು ಗೊತ್ತಿಲ್ಲ. ನಾವು ಕಾಯಬೇಕಾದ್ದು ಮಗುವನ್ನಲ್ಲ ಸರ್, ಅಜ್ಜಿಯನ್ನು." ಬಹಳ ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು.

ಅಷ್ಟರಲ್ಲಿ ನನ್ನ ಫೋನು ಕಿರುಚಿಕೊಂಡಿತು. ಮನೆಯಲ್ಲಿ ಹೊಗೆ. ಎಸಿ ನಿಂತಿದೆ. ಬಾಗಿಲು ತೆರೆದಿದೆ.

ಅಯ್ಯೋ ದೇವರೇ! ಹೆಂಡತಿ, ಹಸಿಗೂಸು, ಮಗಳು ಎಲ್ಲ ಒಳಗಿದ್ದಾರೆ. ಕರೆ ಮಾಡಿದರೆ ಹೆಂಡತಿಯ ಫೋನು ಅಕ್ಕಿ ಡಬ್ಬದ ಹಿಂದೆ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಟ್ಯಾಕ್ಸಿ ಹಿಡಿದು, ಡ್ರೈವರನಿಗೆ "ಯಲ್ಲಾ ಭಾಯಿ, ಯಲ್ಲಾ" ಎಂದು ಬೇಗ ಓಡಿಸಲು ದಾರಿಯುದ್ದಕ್ಕೂ ಬೇಡಿಕೊಂಡು, ರಿಗ್ಗೈಗೆ ತಲುಪುವಾಗ ನನ್ನ ಅಂಗಿ ಮೈಗೆ ಅಂಟಿತ್ತು. ಬಾಗಿಲು ಹಾರುಹೊಡೆದಿತ್ತು. ಕಟ್ಟಡದ ಕಾವಲುಗಾರ ಬೆಂಕಿ ಆರಿಸುವ ಸಿಲಿಂಡರ್ ತಬ್ಬಿಕೊಂಡು ಹೊಸ್ತಿಲಲ್ಲಿ ನಿಂತಿದ್ದ, ಒಳಗೆ ಬಾಣಂತಿ ಇದ್ದಾಳೆಂದು ಒಳಗೆ ಹೋಗಲು ಅವನಿಗೆ ಸಂಕೋಚ. ಎದುರು ಫ್ಲಾಟಿನ ಅಕ್ಕ ನಮ್ಮ ಸೋಫಾದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು!

"ಬಾಗಿಲು ತನ್ನಷ್ಟಕ್ಕೇ ತೆರೀತು ಮಾರಾಯ್ರೆ. ಎಂತ ಅಂತ ನೋಡ್ಲಿಕ್ಕೆ ಬಂದೆ" ಎಂದರು.

ಒಳಕೋಣೆಯಲ್ಲಿ ಹೊಗೆ ಗವ್ವೆಂದಿತ್ತು. ಫರ್ವಾನಿಯಾದ ಅಂಗಡಿಯಿಂದ ತರಿಸಿದ ಧೂಪದ ಪಾತ್ರೆಯಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ, ಅದರ ಮೇಲೆ ಬೆತ್ತದ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಹೆಂಡತಿಯ ಒದ್ದೆ ಕೂದಲು ಹರಡಿತ್ತು. ಹಸಿಗೂಸು ಹೊರಗೆ ನಡುಮನೆಯ ತೊಟ್ಟಿಲಲ್ಲಿ ಮಲಗಿತ್ತು, ಮಗಳು ನನ್ನ ಹಿಂದೆಯೇ ಬಂದು ನಿಂತಳು. ಹೆಂಡತಿ ಕಣ್ಣು ಮುಚ್ಚಿ ರಾಣಿಯಂತೆ ಒರಗಿದ್ದಳು, ಹಣೆಯಲ್ಲಿ ಬೆವರು. ಅತ್ತೆಯ ಮುಖದಲ್ಲಿ ನಾನು ಹಿಂದೆಂದೂ ಕಾಣದ ಸಂತೋಷವಿತ್ತು.

"ನೋಡು ಪುಟ್ಟಾ, ನಿನ್ನಪ್ಪ ಎಷ್ಟು ಚಂದದ ಏರ್ಪಾಡು ಮಾಡಿದ್ದಾರೆ! ಸಾಂಬ್ರಾಣಿ ಹಾಕಿದ್ದೇ ತಡ, ಎಸಿ ತಾನಾಗಿ ನಿಂತಿತು. ಬಾಣಂತಿಗೆ ಮಿಷನ್ ಸಹ ಮರ್ಯಾದೆ ಕೊಡ್ತದೆ" ಎಂದರು.

ನಾನು ಎಸಿಯ ಜಾಲರಿಯನ್ನೊಮ್ಮೆ, ಕೆಂಡದ ಪಾತ್ರೆಯನ್ನೊಮ್ಮೆ ನೋಡಿದೆ. ಅತ್ತೆಯನ್ನು ಅತಿಥಿ ಎಂದು ಗೂಟಕ್ಕೆ ಕಟ್ಟಿದ್ದೆ. ಎಸಿ ಮುಟ್ಟುವ ಹಕ್ಕು ಅವರಿಗಿರಲಿಲ್ಲ. ಆದರೆ ಎಸಿ ನಿಲ್ಲಿಸುವ ಹಕ್ಕು ಹೊಗೆಯ ಪ್ಲಗಿನ್ನಿಗಿತ್ತು, ಹೊಗೆ ಹಾಕುವ ಹಕ್ಕು ಅವರ ಕೈಯಲ್ಲಿತ್ತು. ನಾನು ಚಾಪೆ ಕೆಳಗೆ ತೂರಿದರೆ ಅತ್ತೆ ರಂಗೋಲಿ ಕೆಳಗೆ ತೂರಿದ್ದರು, ಅದೂ ತೂರಿದ್ದೇನೆಂದು ಗೊತ್ತಿಲ್ಲದೆ. ಒಂದು ಗಂಟೆ ಮೊದಲಷ್ಟೇ ಅಜ್ಜಿಯನ್ನು ಕಾಯಬೇಕೆಂದು ಮೀಟಿಂಗಿನಲ್ಲಿ ಭಾಷಣ ಬಿಗಿದವನು ನಾನು!

ಸಂಜೆ ಅತ್ತೆ ಊರಿಗೆ ಫೋನು ಮಾಡಿ ತಂಗಿಯ ಹತ್ತಿರ ಹೇಳುವುದು ಕೇಳಿಸಿತು. "ಅಳಿಯಂದಿರು ಬಾಣಂತನಕ್ಕೇ ಅಂತ ಮಿಷನ್ ಮಾಡಿಟ್ಟಿದ್ದಾರೆ ಮಾರಾಯ್ತಿ. ನಮ್ಮ ಊರಲ್ಲಿ ಯಾರ ಅಳಿಯ ಮಾಡಿದ್ದಾನೆ ಹೇಳು ನೋಡುವ?" ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

ಆಮೇಲೆ ದಿನಾ ಅದೇ ಹಬ್ಬ. ಹನ್ನೊಂದರ ಸುಮಾರಿಗೆ ನನ್ನ ಫೋನು ಕಿರುಚುವುದು, ಮನೆಯ ಎಸಿ ನಿಲ್ಲುವುದು, ಬಾಗಿಲು ತೆರೆಯುವುದು. ಬಾಗಿಲು ತೆರೆಯಿತೆಂದರೆ ಬಾಣಂತಿಯ ಸ್ನಾನವಾಯಿತೆಂದು ಮಹಡಿಗೆಲ್ಲ ಗೊತ್ತಾಯಿತು. ಎದುರು ಫ್ಲಾಟಿನ ಅಕ್ಕ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಏನಾದರೂ ತರುವರು. ಕೆಳಗಿನ ಮಹಡಿಯ ಕೊಂಕಣಿ ನರ್ಸಮ್ಮ ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಮಗುವಿನ ಹೊಕ್ಕುಳು ನೋಡಿ, ಅತ್ತೆಯ ಕಷಾಯ ಕುಡಿದು ಹೋಗುವರು. ಲೆಕ್ಕಪತ್ರದವನು ಪ್ರತಿದಿನ ನನ್ನ ಫೋನು ಕಿರುಚಿದ ಕೂಡಲೇ ಕುರ್ಚಿಯಿಂದ ತಲೆಯೆತ್ತಿ "ಪೂಜಾರಿಗಳ ಮನೇಲಿ ಮಂಗಳಾರತಿ" ಎನ್ನುವನು.

ನನಗೆ ನಗು ಬರಲಿಲ್ಲ. ದಿನವೂ ನನ್ನ ಮನೆಯ ಬಾಗಿಲು ಹೇಳದೆ ಕೇಳದೆ ಬಾಯಿ ತೆರೆದು ನಿಲ್ಲುತ್ತದೆ, ನಾನು ಇಲ್ಲಿ ಕೂತು ಬೇರೆಯವರ ಬಾಗಿಲು ಕಾಯುತ್ತಿದ್ದೇನೆ! ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ನನಗೆಂದೇ ಹುಟ್ಟಿದ್ದು ಎನಿಸಿತು. ಒಂದು ಶುಕ್ರವಾರ, ರಜೆಯ ದಿನ, ಎಲ್ಲರೂ ಊಟ ಮಾಡಿ ಮಲಗಿದ್ದಾಗ ಪೆಟ್ಟಿಗೆಯ ಮುಂದೆ ಕೂತೆ. ಎರಡು ಬಿಲ್ಲೆಗಳೂ ಒಟ್ಟಿಗೆ ಹೊಗೆ ಕಂಡರೆ ಮಾತ್ರ ಎಸಿ ನಿಲ್ಲಬೇಕು, ಬಾಗಿಲು ತೆರೆಯಬೇಕು. ಒಂದೇ ಕೋಣೆಯ ಹೊಗೆಗೆ ನನಗೊಂದು ಸಣ್ಣ ಸಂದೇಶ ಬಂದರೆ ಸಾಕು ಎಂದು ಬದಲಾಯಿಸಿದೆ. ತೂತು ಮುಚ್ಚಿತು. ಯಾರಿಗೂ ಹೇಳಲಿಲ್ಲ. ಕೇಳಿದರೆ ಹೇಳೋಣ ಎಂದುಕೊಂಡೆ.

ಮಾರನೇ ದಿನ ಹನ್ನೊಂದಕ್ಕೆ ಫೋನು ಕಿರುಚಲಿಲ್ಲ. ಆಫೀಸಿನಲ್ಲಿ ಹಾಯಾಗಿ ಚಹಾ ಕುಡಿದೆ. ಅದರ ಮಾರನೇ ದಿನವೂ ಹಾಯಾಗಿ ಕುಡಿದೆ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ ಎಂದಿಗಿಂತ ದೂರ ನಿಂತಿದ್ದರು. ಆಮೇಲೆ ಹೆಂಡತಿ ಕೋಣೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಅಮ್ಮ ಟಿಕೆಟ್ ನೋಡ್ಲಿಕ್ಕೆ ಹೇಳ್ತಿದ್ದಾರೆ. ಬೇಗ ಹೋಗ್ತಾರಂತೆ."

"ನಲವತ್ತು ದಿನ ಆಗದೆಯೇ? ಏನಾಯ್ತು?"

"ಏನಿಲ್ಲ ಅಂತಾರೆ. ಕೇಳಿದ್ರೆ ಬಾಯಿ ಬಿಡುದಿಲ್ಲ. ನೀವು ಏನಾದ್ರೂ ಅಂದ್ರಾ?"

"ನಾನಾ? ನಾನು ಅವರ ಹತ್ರ ಮಾತಾಡುವುದೇ ಅಪರೂಪ!"

"ಅದೇ" ಎಂದಳು. ಅದರಲ್ಲಿ ಏನು ಅದೇ ಎಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಮರುದಿನ. ಫೋನಿನ ಚಾರ್ಜರ್ ಮರೆತಿದ್ದೆನೆಂದು ಆಫೀಸಿನಿಂದ ನಡುವೆ ಬಂದೆ. ಬೀಗ ತೆರೆದು ಒಳಗೆ ಕಾಲಿಟ್ಟರೆ ಬಾಣಂತಿಯ ಕೋಣೆಯಲ್ಲಿ ಊಟದ ಕುರ್ಚಿ, ಕುರ್ಚಿಯ ಮೇಲೆ ಮರದ ಮಣೆ, ಮಣೆಯ ಮೇಲೆ ಅತ್ತೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ತುದಿಗಾಲಲ್ಲಿ ನಿಂತು, ಎಸಿ ಗಾಳಿ ಬರುವ ಜಾಲರಿಯೊಳಗೆ ನನ್ನ ಹಳೆಯ ಪಂಚೆಯನ್ನು ತುರುಕುತ್ತಿದ್ದರು. ಕೆಳಗೆ ಮಗಳು ಎರಡು ಕೈಯಲ್ಲೂ ಕುರ್ಚಿ ಹಿಡಿದು "ಬೀ ಕೇರ್‌ಫುಲ್ ಅಜ್ಜಿ, ಬೀ ಕೇರ್‌ಫುಲ್" ಎನ್ನುತ್ತಿದ್ದಳು. ಕಂಬಳಿಯೊಳಗಿನಿಂದ ಹೆಂಡತಿ "ಬೇಡಮ್ಮ, ಇಳಿಯಮ್ಮ" ಎಂದು ಅಳುವುದೊಂದು ಬಾಕಿ.

ನನ್ನನ್ನು ನೋಡಿದ ಅತ್ತೆ ಅಲ್ಲೇ ಕಲ್ಲಾದರು. ಮಣೆ ಅಲುಗಿತು. ನಾನು ಓಡಿಹೋಗಿ ಅವರ ಎರಡೂ ಕಾಲು ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ನಾನು ಅವರನ್ನು ಮುಟ್ಟಿದ್ದು ಮದುವೆಯ ದಿನ ನಮಸ್ಕಾರ ಮಾಡಿದಾಗ, ಬಿಟ್ಟರೆ ಈಗ. ಇಳಿಸಿ ಮಂಚದ ಮೇಲೆ ಕೂರಿಸಿದೆ.

"ಪಂಚೆ ಹಳತು ಅಂತ ತಗೊಂಡದ್ದು. ಹೊಸತು ಮುಟ್ಟಲಿಲ್ಲ" ಎಂದರು ಅತ್ತೆ. ಮೊಮ್ಮಗಳಿಗೆ.

ಹೆಂಡತಿ ಕಂಬಳಿ ಕಿತ್ತೆಸೆದು ಎದ್ದು ಕೂತಳು. ಕಿವಿಯ ಬಟ್ಟೆ ಜಾರಿತು. "ನೀವು ಎಂತ ಮಾಡಿದ್ರಿ ಆ ಪೆಟ್ಟಿಗೆಗೆ? ಹೊಗೆ ಹಾಕಿದ್ರೂ ಎಸಿ ನಿಲ್ಲುದಿಲ್ಲ ಅಂತ ಅಮ್ಮ ಮೊನ್ನೆಯಿಂದ ಒದ್ದಾಡ್ತಿದ್ದಾರೆ. ಅಳಿಯಂದಿರಿಗೆ ಕೋಪ ಬಂದು ನಿಲ್ಲಿಸಿದ್ದಾರೆ, ನಾನು ಮಗಳ ಮನೆಯಲ್ಲಿ ಮಿತಿ ಮೀರಿದೆ ಅಂತ ನಂಬಿ ಕೂತಿದ್ದಾರೆ. ಅದಕ್ಕೇ ಟಿಕೆಟ್! ನಿನ್ನೆ ಬಾಯಿ ಬಿಡದವರು ಇವತ್ತು ಈ ಮಣೆ ಹತ್ತುವಾಗ ಹೇಳಿದ್ರು."

"ಒಂದು ಮಾತು ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

"ಕೇಳಿದ್ರೆ ಕೊಡ್ತೇನೆ, ಕೇಳಿದ್ರೆ ಕೊಡ್ತೇನೆ! ನನ್ನ ಅಮ್ಮ ಅಳಿಯನ ಹತ್ರ ಕೇಳುವ ಜನ ಅಲ್ಲ ಅಂತ ನಿಮಗೆ ಇನ್ನೂ ಗೊತ್ತಾಗ್ಲಿಲ್ವಾ?"

ನನಗೆ ನಿಜವಾಗಿ ಕಣ್ಣು ತುಂಬಿತು. ಆಫೀಸಿನಲ್ಲಿ ನನ್ನ ನಿಯಮ ನಡೆಯುತ್ತದೆ, ಯಾಕೆಂದರೆ ಅಲ್ಲಿ ಎಲ್ಲರೂ ಕೇಳುವವರೇ. ಹಕ್ಕಿಲ್ಲದ್ದನ್ನೂ ನಾಚಿಕೆಯಿಲ್ಲದೆ ಕೇಳುತ್ತಾರೆ. ಕೇಳುವುದೇ ಕೆಟ್ಟದ್ದು ಎಂದು ಬಾಳಿದವರ ಮುಂದೆ ಆ ನಿಯಮ ಇಟ್ಟುಕೊಂಡು ನಾನು ಕಾದು ಕೂತಿದ್ದೆ. ಅವರೋ ಅಳಿಯ ತಾನಾಗಿ ತಿಳಿದುಕೊಂಡಾನೆಂದು ಕಾದು, ಕೊನೆಗೆ ಈ ವಯಸ್ಸಿನಲ್ಲಿ ಕುರ್ಚಿಯ ಮೇಲೆ ಮಣೆ ಇಟ್ಟು ಹತ್ತಿದ್ದರು. ಬಿದ್ದಿದ್ದರೆ?

"ಅತ್ತೆ, ನಂದೇ ತಪ್ಪು. ನೀವು ಹೋಗ್ಬೇಡಿ" ಎಂದೆ.

ಅಳಿಯ ತಪ್ಪೊಪ್ಪಿಕೊಂಡದ್ದು ಅವರಿಗೆ ಎಸಿ ಗಾಳಿಗಿಂತ ಕಷ್ಟವಾಯಿತು. "ಛೆ ಛೆ, ಅವರು ಹಾಗೆಲ್ಲ ಹೇಳ್ಬಾರ್ದು ಅಂತ ಹೇಳು ಪುಟ್ಟಾ" ಎಂದರು.

"ಪಪ್ಪಾ, ಡೋಂಟ್ ಸೇ ದ್ಯಾಟ್" ಎಂದಳು ಮಗಳು.

ಆಫೀಸಿಗೆ ವಾಪಸು ಹೋಗಲಿಲ್ಲ. ಫೋನಿನಲ್ಲಿ ಅವರಿಗೆ ಹಕ್ಕು ಕೊಡೋಣವೆಂದರೆ ಊರಿನವರ ಹತ್ತಿರ ಮಾತಾಡಲು ಬಿಟ್ಟರೆ ಅವರು ಫೋನು ಮುಟ್ಟುವುದಿಲ್ಲ, ಅವರ ಪ್ರಕಾರ ಅದು ಕಣ್ಣಿನ ಶತ್ರು. ಫರ್ವಾನಿಯಾಕ್ಕೆ ಹೋಗಿ ಎಲೆಕ್ಟ್ರಿಕ್ ಅಂಗಡಿಯಲ್ಲಿ ಅಂಗೈಯಗಲದ ಒಂದು ದುಂಡು ಗುಂಡಿ ತಂದೆ. ಬಾಣಂತಿಯ ಕೋಣೆಯ ಗೋಡೆಗೆ, ಅತ್ತೆಯ ಕೈಗೆ ನಿಲುಕುವಲ್ಲಿ ಅಂಟಿಸಿ ಪೆಟ್ಟಿಗೆಗೆ ಜೋಡಿಸಿದೆ. ಒಮ್ಮೆ ಒತ್ತಿದರೆ ಆ ಕೋಣೆಯ ಎಸಿ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಬರುತ್ತದೆ. ಪೆಟ್ಟಿಗೆಯಲ್ಲಿ ಅವರ ಹೆಸರಿನ ಮುಂದೆ ಇದ್ದ ಅತಿಥಿಯನ್ನು ಅಳಿಸಿ ಮಾಲೀಕ ಎಂದು ಒತ್ತಿದೆ.

ಅತ್ತೆ ಗುಂಡಿಯನ್ನು ದೂರದಿಂದ ನೋಡಿದರು. "ಇದನ್ನು ಒತ್ತುವ ಮೊದಲು ಯಾರನ್ನು ಕೇಳ್ಬೇಕು ಪುಟ್ಟಾ?"

ಈ ಸಲ ಮಗಳು ತರ್ಜುಮೆ ಮಾಡುವ ಮೊದಲೇ ನಾನು ಹೇಳಿದೆ. "ಯಾರನ್ನೂ ಕೇಳ್ಲಿಕ್ಕಿಲ್ಲ ಅತ್ತೆ. ನನ್ನನ್ನೂ ಸಹ."

ಒತ್ತಿದರು. ಗಾಳಿ ನಿಂತಿತು. ಇನ್ನೊಮ್ಮೆ ಒತ್ತಿದರು. ಬಂತು. ಮತ್ತೊಮ್ಮೆ ಒತ್ತಿ ನಿಲ್ಲಿಸಿ, ಸೆರಗಿನಿಂದ ಗುಂಡಿಯನ್ನು ಒರೆಸಿದರು. ಟಿಕೆಟಿನ ಮಾತು ಅಲ್ಲಿಗೆ ಖಲಾಸ್.

ನಾನು ಪೆಟ್ಟಿಗೆಯ ಮುಂದಿನಿಂದ ಏಳುವಾಗ ಅವರು ಬಾಗಿಲ ಹತ್ತಿರ ಬಂದು ನಿಂತರು. ಈ ಸಲ ಚೌಕಟ್ಟನ್ನು ನೋಡುತ್ತಿರಲಿಲ್ಲ.

"ಒಂದು ಕೇಳಿದ್ರೆ ನಿಮಗೆ ಬೇಜಾರಾಗ್ಲಿಕ್ಕಿಲ್ಲ ಅಲ್ವಾ?" ಎಂದರು. ನನಗೆ!

"ಕೇಳಿ ಅತ್ತೆ, ಕೇಳಿ."

"ಹೊಗೆ ಹಾಕಿದಾಗ ಮುಂದಿನ ಬಾಗಿಲು ತೆರೀತಿತ್ತಲ್ಲ. ಅದನ್ನೊಂದು ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಎಲ್ಲ ಬಿಟ್ಟು ಅದನ್ನು ಕೇಳಿದರು! ನನ್ನೊಳಗಿನ ಪೂಜಾರಿ ಥಟ್ಟನೆ ಎದ್ದು ನಿಂತ. "ಅದು ಸುರಕ್ಷಿತ ಅಲ್ಲ ಅತ್ತೆ. ಬಾಗಿಲಿಗೆ ಬೆಲ್ ಉಂಟಲ್ಲ. ಬರುವವರು ಬೆಲ್ ಒತ್ತಿದ್ರೆ ನೀವೇ ತೆರೆಯಬಹುದು."

ಅವರು ಮುಂಬಾಗಿಲ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಹೇಳಿದರು. "ದೊಡ್ಡವಳು ಹುಟ್ಟಿದಾಗ ಎಲ್ಲರೂ ಬೆಲ್ಲೇ ಒತ್ತಿದ್ದು. ಒತ್ತಿ ಓಡಿದ್ದು. ನಾನು ಊರಲ್ಲಿ ಫೋನ್ ಹಿಡ್ಕೊಂಡು ಆ ಬಾಗಿಲನ್ನೇ ನೋಡ್ತಿದ್ದೆ. ಯಾರಾದ್ರೂ ಒಬ್ಬರು ಒಳಗೆ ಬಂದು ನನ್ನ ಮಗಳ ಹತ್ರ ಒಂದು ಗಳಿಗೆ ಕೂತ್ಕೊಳ್ಳಲಿ ಅಂತ. ಒಬ್ಬರೂ ಬರ್ಲಿಲ್ಲ. ಈಗ ಆ ಬಾಗಿಲು ತನ್ನಷ್ಟಕ್ಕೇ ತೆರೀತದೆ, ಎಲ್ಲರೂ ಬರ್ತಾರೆ. ನಂಗೆ ಎಸಿಗಿಂತ ಅದೇ ದೊಡ್ಡದು."

ನಾನು ಪುನಃ ಪೆಟ್ಟಿಗೆಯ ಮುಂದೆ ಕೂತೆ. ಅತ್ತೆಯ ಗುಂಡಿ ಒತ್ತಿರಬೇಕು, ಕೋಣೆಯಲ್ಲಿ ಹೊಗೆ ಇರಬೇಕು, ಎರಡೂ ಆದರೆ ಮುಂಬಾಗಿಲು ತೆರೆಯಲಿ, ನನ್ನ ಫೋನೂ ಕಿರುಚಲಿ ಎಂದು ಬರೆದೆ. ನನ್ನ ಕಸುಬಿನವರು ಯಾರಾದರೂ ನೋಡಿದರೆ ಕೆಲಸದಿಂದ ತೆಗೆಯುವಂಥ ನಿಯಮ ಅದು. ಬರೆದು, ಸರಿ ಇದೆಯೇ ಎಂದು ಎರಡು ಸಲ ನೋಡಿ, ಉಳಿಸಿದೆ.

ಮಾರನೇ ದಿನ ಆಫೀಸಿನಲ್ಲಿ ಯಾರದೋ ಪ್ಲಗಿನ್ನಿಗೆ ಆಗುವುದಿಲ್ಲ ಎನ್ನುತ್ತಿದ್ದೆ. ಹನ್ನೊಂದರ ಹೊತ್ತಿಗೆ ಫೋನು ಕಿರುಚಿತು. ಹೊಗೆ ಇದೆ, ಬಾಗಿಲು ತೆರೆದಿದೆ.

ಲೆಕ್ಕಪತ್ರದವನು ಕುರ್ಚಿಯಿಂದ ತಲೆಯೆತ್ತಿದ. "ಎಂತ ಮಾರಾಯ, ಪುನಃ ಬೆಂಕಿಯಾ?"

"ಇಲ್ಲ" ಎಂದೆ. "ಮನೆಗೆ ಜನ ಬಂದಿದ್ದಾರೆ."